ಸಕ್ಕರೆ ನೀರಿನ ಸೀಸೆ: ಹಮ್ಮಿಂಗ್‌ಬರ್ಡ್ ಆತಿಥ್ಯದ ಒಂದು ಶತಮಾನ

ಹಮ್ಮಿಂಗ್‌ಬರ್ಡ್‌ಗಳು ಇಂದು ಅಮೆರಿಕ ಖಂಡಗಳಲ್ಲಿ ಮಾತ್ರ ಬದುಕಿರುವ ಹಕ್ಕಿಗಳು. ಟ್ರೋಕಿಲಿಡೇ ಎಂಬ ಹೆಸರಿನ ಈ ಕುಟುಂಬದಲ್ಲಿ ಸುಮಾರು 360 ಪ್ರಭೇದಗಳಿದ್ದು, ಅವುಗಳಲ್ಲಿ ಬಹುಪಾಲು ದಕ್ಷಿಣ ಅಮೆರಿಕದ ಉಷ್ಣವಲಯದಲ್ಲಿ ನೆಲೆಸಿವೆ. ಕರ್ನಾಟಕದ ಮನೆಯಂಗಳಗಳಲ್ಲಿ ದಾಸವಾಳದ ಹೂವಿಗೆ ಕೊಕ್ಕಿಡುವ ಸೂರಕ್ಕಿಯನ್ನು ಅನೇಕರು ಹಮ್ಮಿಂಗ್‌ಬರ್ಡ್ ಎಂದೇ ಕರೆಯುವುದುಂಟಾದರೂ, ಇವೆರಡರ ನಡುವೆ ಹತ್ತಿರದ ನಂಟಿಲ್ಲ; ಮಕರಂದವನ್ನು ನೆಚ್ಚಿದ ಬದುಕು ಎರಡು ಬೇರೆ ಬೇರೆ ವಂಶಗಳ ಹಕ್ಕಿಗಳಿಗೆ ಒಂದೇ ಬಗೆಯ ಉದ್ದ ಕೊಕ್ಕನ್ನೂ ಹೊಳೆಯುವ ಪುಕ್ಕವನ್ನೂ ಕೊಟ್ಟಿದೆ. ಉತ್ತರ ಅಮೆರಿಕದ ಪೂರ್ವ ಭಾಗದಲ್ಲಿ ಗೂಡು ಕಟ್ಟಿ ಮರಿ ಮಾಡುವ ಹಮ್ಮಿಂಗ್‌ಬರ್ಡ್ ಒಂದೇ ಒಂದು, ಅದು ಸುಮಾರು 3 ಗ್ರಾಂ ತೂಗುವ ಮಾಣಿಕ್ಯ ಕಂಠದ ಹಮ್ಮಿಂಗ್‌ಬರ್ಡ್. ಚಳಿಗಾಲವನ್ನು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಲ್ಲಿ ಕಳೆದು, ವಸಂತದಲ್ಲಿ ಉತ್ತರಕ್ಕೆ ಬಂದು, ಶರತ್ಕಾಲದಲ್ಲಿ ಮರಳುವ ಈ ಹಕ್ಕಿಗಾಗಿ ಹಿತ್ತಿಲಿನಲ್ಲಿ ಸಕ್ಕರೆ ನೀರಿನ ಸೀಸೆಯನ್ನು ತೂಗುಹಾಕುವುದು ಇಂದು ಅಲ್ಲಿನ ಲಕ್ಷಾಂತರ ಮನೆಗಳ ವಾರ್ಷಿಕ ಪದ್ಧತಿಯಾಗಿದೆ. ಫೀಡರ್ ಎಂದು ಕರೆಯಲಾಗುವ ಆ ಸೀಸೆಗೆ ನೂರಿಪ್ಪತ್ತೈದು ವರ್ಷಗಳಷ್ಟೇ ವಯಸ್ಸು. ಆದರೂ ಮನುಷ್ಯನಿಗೂ ಈ ಹಕ್ಕಿಗೂ ಇದ್ದ ಸಂಬಂಧ ಬುಡಸಮೇತ ಬದಲಾದದ್ದು ಈ ಅವಧಿಯಲ್ಲೇ, ಮತ್ತು ಆ ಬದಲಾವಣೆಯನ್ನು ಮುನ್ನಡೆಸಿದವರು ಹೆಚ್ಚಾಗಿ ತಮ್ಮ ಮನೆಯ ಕಿಟಕಿಯ ಬಳಿ ತಾಳ್ಮೆಯಿಂದ ಕುಳಿತು ನೋಡಿದ ಸಾಮಾನ್ಯ ಗೃಹಸ್ಥರು.

ಫೀಡರ್‌ಗೆ ಮೊದಲಿನ ಕಾಲದ ಚಿತ್ರ ಬೇರೆಯೇ ಇತ್ತು. ಮೆಕ್ಸಿಕೊದ ಅಜ್ಟೆಕ್ ಜನರು ತಮ್ಮ ಯುದ್ಧದೇವತೆ ವಿಟ್ಸಿಲೊಪೊಚ್ಟ್ಲಿಯನ್ನು ಹಮ್ಮಿಂಗ್‌ಬರ್ಡ್‌ನೊಂದಿಗೆ ಸೇರಿಸಿ ಕಲ್ಪಿಸಿಕೊಂಡಿದ್ದರು. ರಣದಲ್ಲಿ ಮಡಿದ ಯೋಧರು ಹೂಗಳ ನಡುವೆ ಹಾರುವ ಹಕ್ಕಿಗಳಾಗಿ ಮರಳುತ್ತಾರೆಂದು ನಂಬಿದ್ದರು. ಯುರೋಪಿನವರು ಈ ಹಕ್ಕಿಯನ್ನು ಕಂಡದ್ದು ಬೆರಗಿನಿಂದ, ಆದರೆ ಆ ಬೆರಗು ಬಲುಬೇಗ ಸಂಗ್ರಹದ ಹಂಬಲವಾಗಿ ಮಾರ್ಪಟ್ಟಿತು. ಇಂಗ್ಲೆಂಡಿನ ಪಕ್ಷಿವಿಜ್ಞಾನಿ ಜಾನ್ ಗೂಲ್ಡ್ 1851ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಪ್ರಾಣಿಸಂಗ್ರಹಾಲಯದಲ್ಲಿ ತಾನು ಕೂಡಿಹಾಕಿದ್ದ ಸತ್ತ ಹಮ್ಮಿಂಗ್‌ಬರ್ಡ್‌ಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿಟ್ಟು ಪ್ರದರ್ಶಿಸಿದಾಗ, 75,000ಕ್ಕೂ ಹೆಚ್ಚು ಜನ ಹಣ ತೆತ್ತು ಅವುಗಳನ್ನು ನೋಡಿದರು. ಈ ಹಕ್ಕಿಗಳ ಬಗ್ಗೆ ಬೃಹತ್ ಸಚಿತ್ರ ಗ್ರಂಥವನ್ನು 1849ರಿಂದಲೇ ಕಂತು ಕಂತಾಗಿ ಪ್ರಕಟಿಸುತ್ತಿದ್ದ ಗೂಲ್ಡ್, ಜೀವಂತ ಹಮ್ಮಿಂಗ್‌ಬರ್ಡ್ ಒಂದನ್ನು ಮೊದಲ ಬಾರಿಗೆ ಕಂಡದ್ದು 1857ರಲ್ಲಿ, ಫಿಲಡೆಲ್ಫಿಯಾದ ತೋಟವೊಂದರಲ್ಲಿ. ಅಂದಿನ ವಿದ್ವತ್ತು ಹಕ್ಕಿಯ ಚರ್ಮವನ್ನು ಬಲ್ಲದ್ದಾಗಿತ್ತೇ ಹೊರತು ಅದರ ಬದುಕನ್ನು ಬಲ್ಲದ್ದಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಸಂಗ್ರಹಕಾರರ ಹಿಂದೆಯೇ ಫ್ಯಾಷನ್ ವ್ಯಾಪಾರ ಬಂದಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೆಂಗಸರ ಟೋಪಿ, ಬೀಸಣಿಗೆ ಮತ್ತು ಆಭರಣಗಳಿಗಾಗಿ ಹಮ್ಮಿಂಗ್‌ಬರ್ಡ್‌ಗಳ ಚರ್ಮಗಳು ಲಂಡನ್ನಿನ ಹರಾಜು ಕಟ್ಟೆಗಳಲ್ಲಿ ಸಾವಿರಗಟ್ಟಲೆಯಲ್ಲಿ ಮಾರಾಟವಾದವು. ಫ್ರಾಂಕ್ ಚಾಪ್ಮನ್ ಎಂಬ ಪಕ್ಷಿವಿಜ್ಞಾನಿ 1886ರಲ್ಲಿ ನ್ಯೂಯಾರ್ಕ್ ನಗರದ ಬೀದಿಗಳಲ್ಲಿ ನಡೆದು ಹೆಂಗಸರ 700 ಟೋಪಿಗಳನ್ನು ಎಣಿಸಿದಾಗ, ಅವುಗಳಲ್ಲಿ ಮುಕ್ಕಾಲು ಪಾಲು ಟೋಪಿಗಳ ಮೇಲೆ ಹಕ್ಕಿಗಳ ಪುಕ್ಕವಿತ್ತು. ಈ ವ್ಯಾಪಾರದ ವಿರುದ್ಧ ಹ್ಯಾರಿಯೆಟ್ ಹೆಮೆನ್‌ವೇ ಮತ್ತು ಮಿನ್ನಾ ಹಾಲ್ ಎಂಬ ಇಬ್ಬರು ಮಹಿಳೆಯರು 1896ರಲ್ಲಿ ಬಾಸ್ಟನ್ನಿನಲ್ಲಿ ಮಸಾಚುಸೆಟ್ಸ್ ಆಡುಬಾನ್ ಸೊಸೈಟಿಯನ್ನು ಕಟ್ಟಿದರು. ಚಾಪ್ಮನ್ 1899ರಲ್ಲಿ ‘ಬರ್ಡ್ ಲೋರ್’ ಎಂಬ ಪತ್ರಿಕೆಯನ್ನು ಆರಂಭಿಸಿ, ಬಂದೂಕಿಲ್ಲದೆ ಹಕ್ಕಿಗಳನ್ನು ಅರಿಯಬಯಸುವ ಓದುಗರಿಗೆ ಅದನ್ನು ವೇದಿಕೆಯಾಗಿಸಿದರು. ಟೋಪಿ ಧರಿಸುತ್ತಿದ್ದ ಸಮಾಜದ ಒಳಗಿನಿಂದಲೇ ಹುಟ್ಟಿದ ಈ ಚಳವಳಿಯ ನೆಲದಲ್ಲೇ ಫೀಡರ್ ಕೂಡ ಮೊಳೆಯಿತು.

ಮಸಾಚುಸೆಟ್ಸ್ ರಾಜ್ಯದ ಬ್ರೂಕ್ಲೈನ್ ಊರಿನ ಕ್ಯಾರೊಲಿನ್ ಸೌಲ್ ಹುಳುಗಳಿಂದ ಪತಂಗಗಳನ್ನು ಸಾಕಿ ಬೆಳೆಸಿ ಅವುಗಳ ಜೀವನಚಕ್ರವನ್ನು ದಾಖಲಿಸುತ್ತಿದ್ದ ಹವ್ಯಾಸಿ ನಿಸರ್ಗಶಾಸ್ತ್ರಜ್ಞೆ. ಕಹಳೆಯಾಕಾರದ ಕೆಂಪು ಹೂ ಬಿಡುವ ಬಳ್ಳಿಗೆ ಹಮ್ಮಿಂಗ್‌ಬರ್ಡ್‌ಗಳು ಬಂದುಹೋಗುವುದನ್ನು ಗಮನಿಸಿದ ಅವರು, ಚಿತ್ರ ಬರೆಯುವ ದಪ್ಪ ಕಾಗದವನ್ನು ಅದೇ ಹೂವಿನ ಆಕಾರಕ್ಕೆ ಮಡಚಿ, ಜಲವರ್ಣದಿಂದ ಬಣ್ಣ ಹಚ್ಚಿ, ಅದರೊಳಗೆ ಸಕ್ಕರೆ ನೀರು ತುಂಬಿದ ಪುಟ್ಟ ಸೀಸೆಯೊಂದನ್ನು ಅಡಗಿಸಿಟ್ಟರು. ಹಕ್ಕಿ ಬಂದು ಕುಡಿಯಿತು. 1900ರಲ್ಲಿ ‘ಬರ್ಡ್ ಲೋರ್’ನಲ್ಲಿ ಪ್ರಕಟವಾದ ಅವರ ಬರಹವನ್ನು ಹಮ್ಮಿಂಗ್‌ಬರ್ಡ್ ಉಪಚಾರದ ತೀರಾ ಆರಂಭದ ದಾಖಲೆಗಳಲ್ಲಿ ಒಂದೆಂದು ಪರಿಗಣಿಸಲಾಗುತ್ತದೆ. ಹಕ್ಕಿಯನ್ನು ಹಿಡಿಯದೆ, ಕೊಲ್ಲದೆ, ಅದು ತಾನಾಗಿ ಹತ್ತಿರ ಬರುವಂತೆ ಮಾಡುವ ಉಪಾಯವೊಂದು ಹೀಗೆ ಮುದ್ರಿತ ರೂಪದಲ್ಲಿ ಹತ್ತಾರು ಊರುಗಳ ಓದುಗರಿಗೆ ದೊರೆಯಿತು.

ಈ ಉಪಾಯವನ್ನು ಪ್ರಯೋಗದ ಮಟ್ಟಕ್ಕೆ ಏರಿಸಿದವರು ಅಯೋವಾ ರಾಜ್ಯದ ನ್ಯಾಷನಲ್ ಎಂಬ ಹಳ್ಳಿಯ ಆಲ್ಥಿಯಾ ಶರ್ಮನ್. ಚಿತ್ರಕಲೆಯಲ್ಲಿ ತರಬೇತಿ ಪಡೆದಿದ್ದ ಅವರು ವಯಸ್ಸಾದ ತಂದೆತಾಯಿಯರನ್ನು ನೋಡಿಕೊಳ್ಳಲು ಊರಿಗೆ ಮರಳಿ, ಅಲ್ಲಿಯೇ ಉಳಿದು, ತಮ್ಮ ಹಿತ್ತಿಲನ್ನೇ ಪ್ರಯೋಗಾಲಯವನ್ನಾಗಿ ಮಾಡಿಕೊಂಡರು. 1907ರ ಬೇಸಿಗೆಯಲ್ಲಿ ಅವರು ಪುಟ್ಟ ಸೀಸೆಯೊಂದರ ಸುತ್ತ ಮೇಣಬಟ್ಟೆಯಿಂದ ಮಾಡಿ ಬಣ್ಣ ಬಳಿದ ನಾಸ್ಟರ್ಷಿಯಂ ಹೂವನ್ನು ಸುತ್ತಿ, ಅದನ್ನು ಕೋಲಿಗೆ ಕಟ್ಟಿ ಹೂಗಳ ಸಾಲಿನ ಬಳಿ ನೆಟ್ಟರು. ಹಕ್ಕಿಗಳು ಅದಕ್ಕೆ ಒಗ್ಗಿಕೊಂಡ ಬಳಿಕ ಅವರು ಕೇಳಿಕೊಂಡ ಪ್ರಶ್ನೆ ಸರಳವಾದರೂ ಮೂಲಭೂತವಾದದ್ದು: ಹಕ್ಕಿಯನ್ನು ಸೆಳೆಯುತ್ತಿರುವುದು ಹೂವಿನ ರೂಪವೋ, ಬಣ್ಣವೋ, ಅಥವಾ ಒಳಗಿನ ಸಿಹಿಯೋ? ಉತ್ತರ ಪಡೆಯಲು ಅವರು ಹೂವಿನ ಅಲಂಕಾರವಿಲ್ಲದ ಬರಿಯ ಸೀಸೆಗಳನ್ನೂ ಇಟ್ಟು ನೋಡಿದರು. ಹಕ್ಕಿಗಳು ಅವುಗಳನ್ನೂ ಪತ್ತೆಹಚ್ಚಿ ಕುಡಿದವು. ಏಳು ಬೇಸಿಗೆಗಳ ಈ ಪ್ರಯೋಗಗಳ ವಿವರ 1913ರಲ್ಲಿ ‘ವಿಲ್ಸನ್ ಬುಲೆಟಿನ್’ ಎಂಬ ವಿದ್ವತ್ ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಶ್ವವಿದ್ಯಾಲಯದ ಹುದ್ದೆಯಾಗಲಿ ಸಂಶೋಧನಾ ಅನುದಾನವಾಗಲಿ ಇಲ್ಲದ ಹಳ್ಳಿಯ ಮಹಿಳೆಯೊಬ್ಬರು, ಸೀಸೆ, ಸಕ್ಕರೆ ಮತ್ತು ದಿನಚರಿಯ ಪುಸ್ತಕಗಳಿಂದಲೇ ಈ ಹಕ್ಕಿಯ ನೆನಪು ಮತ್ತು ಕಲಿಕೆಯ ಬಗ್ಗೆ ಶಾಶ್ವತವಾದ ಅರಿವನ್ನು ಕೊಟ್ಟರು ಎಂಬುದು ಈ ಇತಿಹಾಸದ ಅತ್ಯಂತ ಗೌರವಾರ್ಹ ಅಧ್ಯಾಯ.

ಅದೇ ದಶಕದಲ್ಲಿ ಕಾನೂನು ಕೂಡ ಹಕ್ಕಿಯ ಪರವಾಗಿ ನಿಂತಿತು. ಅಮೆರಿಕ ಸಂಯುಕ್ತ ಸಂಸ್ಥಾನವು ಕೆನಡಾದ ಪರವಾಗಿ ಸಹಿ ಮಾಡಿದ ಬ್ರಿಟನ್ನಿನೊಂದಿಗೆ 1916ರಲ್ಲಿ ಮಾಡಿಕೊಂಡ ವಲಸೆ ಹಕ್ಕಿಗಳ ಒಪ್ಪಂದ ಮತ್ತು ಅದನ್ನು ಜಾರಿಗೆ ತಂದ 1918ರ ವಲಸೆ ಹಕ್ಕಿ ಒಪ್ಪಂದ ಕಾಯಿದೆ, ಹಮ್ಮಿಂಗ್‌ಬರ್ಡ್‌ಗಳನ್ನು ಕೊಲ್ಲುವುದನ್ನೂ ಮಾರುವುದನ್ನೂ ಅಪರಾಧವನ್ನಾಗಿಸಿದವು. ಆ ಒಪ್ಪಂದವು ಹಮ್ಮಿಂಗ್‌ಬರ್ಡ್‌ಗಳನ್ನು ಕೀಟಾಹಾರಿ ಹಕ್ಕಿಗಳ ಪಟ್ಟಿಯಲ್ಲಿ ಸೇರಿಸಿತ್ತು. ಅದು ಸರಿಯೂ ಹೌದು, ಏಕೆಂದರೆ ಮಕರಂದವು ಹಾರಾಟಕ್ಕೆ ಬೇಕಾದ ಶಕ್ತಿಯನ್ನಷ್ಟೇ ಕೊಡುತ್ತದೆ. ದೇಹ ಕಟ್ಟಲು ಬೇಕಾದ ಪ್ರೋಟೀನಿಗಾಗಿ ಈ ಹಕ್ಕಿಗಳು ಸಣ್ಣ ನೊಣಗಳನ್ನೂ ಜೇಡಗಳನ್ನೂ ತಿನ್ನಲೇಬೇಕು, ಮರಿಗಳ ಬೆಳವಣಿಗೆಯಂತೂ ಅದನ್ನೇ ಅವಲಂಬಿಸಿದೆ. ಹೀಗಾಗಿ ಸಕ್ಕರೆ ನೀರಿನ ಸೀಸೆ ಎಂದೂ ಪೂರ್ಣಾಹಾರವಾಗಲಾರದು. ಮೆಕ್ಸಿಕೊದೊಂದಿಗೆ 1936ರಲ್ಲಿ ಇಂಥದೇ ಒಪ್ಪಂದವಾದ ಮೇಲೆ, ಹಕ್ಕಿ ಹಾರಿಹೋಗುವ ಹಾದಿಯ ದೊಡ್ಡ ಭಾಗ ಕಾನೂನಿನ ರಕ್ಷಣೆಗೆ ಒಳಪಟ್ಟಿತು.

ಸೀಸೆ ವ್ಯಾಪಾರದ ಸರಕಾದದ್ದು ಇನ್ನೂ ತಡವಾಗಿ, ಮತ್ತು ಅದಕ್ಕೆ ಕಾರಣವಾದದ್ದು ಎರಡು ಪತ್ರಿಕಾ ಲೇಖನಗಳು. ಮಾರ್ಗರೆಟ್ ಬೋಡಿನ್ ಎಂಬವರು ತಮ್ಮ ಬೇಸಿಗೆಯ ಬಿಡಾರದಲ್ಲಿ ಪುಟ್ಟ ಸೀಸೆಗಳಿಂದ ಹಮ್ಮಿಂಗ್‌ಬರ್ಡ್‌ಗಳನ್ನು ಒಲಿಸಿಕೊಂಡ ಬಗೆಯನ್ನು ಕುರಿತು 1928ರಲ್ಲಿ ‘ನ್ಯಾಷನಲ್ ಜಿಯೋಗ್ರಾಫಿಕ್’ನಲ್ಲಿ ಬರೆದರು. ಅದನ್ನು ಓದಿದ ತಮ್ಮ ಪತ್ನಿಗಾಗಿ ಬಾಸ್ಟನ್ನಿನ ಲಾರೆನ್ಸ್ ವೆಬ್‌ಸ್ಟರ್ ಗಾಜಿನ ಫೀಡರ್ ಒಂದನ್ನು ವಿನ್ಯಾಸಗೊಳಿಸಿ, ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಪ್ರಯೋಗಾಲಯದಲ್ಲಿ ಗಾಜು ಊದುವ ಕುಶಲಕರ್ಮಿಯಿಂದ ಮಾಡಿಸಿದರು. ಅದೇ ಸಂಸ್ಥೆಯ ಹೆರಾಲ್ಡ್ ಎಡ್ಜರ್ಟನ್ ಆಗ ಸ್ಟ್ರೋಬ್ ಎಂಬ ಉಪಕರಣವನ್ನು, ಅಂದರೆ ಕಣ್ಣೆವೆಗಿಂತ ಎಷ್ಟೋ ಕಿರಿದಾದ ಅವಧಿಯ ಬೆಳಕನ್ನು ಮತ್ತೆ ಮತ್ತೆ ಚಿಮ್ಮಿಸುವ ದೀಪವನ್ನು, ರೂಪಿಸುತ್ತಿದ್ದರು. ಬರಿಗಣ್ಣಿಗೆ ಮಸುಕಾದ ಮಂಜಿನಂತೆ ಕಾಣುವ ರೆಕ್ಕೆಯನ್ನು ನಿಲ್ಲಿಸಿ ತೋರಿಸಲು ಅದು ಹೇಳಿ ಮಾಡಿಸಿದ ಸಾಧನವಾಗಿದ್ದುದರಿಂದ, ಅವರು 1936ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೋಲ್ಡರ್ನೆಸ್ ಊರಿನಲ್ಲಿದ್ದ ವೆಬ್‌ಸ್ಟರ್ ದಂಪತಿಯ ಫೀಡರ್‌ಗಳ ಮುಂದೆ ಕ್ಯಾಮೆರಾ ಇಟ್ಟು, ಸೆಕೆಂಡಿಗೆ ಐವತ್ತರ ಆಸುಪಾಸಿನಲ್ಲಿ ಬಡಿಯುವ ರೆಕ್ಕೆಗಳ ಒಂದೊಂದು ಭಂಗಿಯನ್ನೂ ಸೆರೆಹಿಡಿದರು. ಈ ಚಿತ್ರಗಳೊಂದಿಗೆ ಎಡ್ಜರ್ಟನ್ 1947ರಲ್ಲಿ ‘ನ್ಯಾಷನಲ್ ಜಿಯೋಗ್ರಾಫಿಕ್’ನಲ್ಲಿ ಬರೆದ ಲೇಖನವನ್ನು ಕಂಡ ಓದುಗರಿಂದ ಸೀಸೆಗೆ ಬೇಡಿಕೆ ಹುಟ್ಟಿ, ನ್ಯೂಯಾರ್ಕ್ ರಾಜ್ಯದ ಮೆಡೀನಾ ಊರಿನ ಆಡುಬಾನ್ ನಾವೆಲ್ಟಿ ಕಂಪನಿಯು 1950ರಲ್ಲಿ ವೆಬ್‌ಸ್ಟರ್ ಫೀಡರ್ ಅನ್ನು ಮಾರುಕಟ್ಟೆಗೆ ತಂದಿತು. ಕುತೂಹಲದಿಂದ ಹುಟ್ಟಿದ ವಸ್ತು ಐವತ್ತು ವರ್ಷಗಳ ಬಳಿಕ ಅಂಗಡಿಯನ್ನು ಸೇರಿತು.

ಗಾಜಿನ ಜಾಗಕ್ಕೆ ಅಗ್ಗದ ಪ್ಲಾಸ್ಟಿಕ್ ಬಂದಾಗ ಪದ್ಧತಿ ದೇಶದ ಉದ್ದಗಲಕ್ಕೂ ಹರಡಿತು. ಅದರ ಜೊತೆಗೆ ತಪ್ಪು ನಂಬಿಕೆಗಳೂ ಹರಡಿದವು. ಜೇನುತುಪ್ಪ ಸಹಜವಾದ್ದರಿಂದ ಸಕ್ಕರೆಗಿಂತ ಮೇಲು ಎಂದು ಅನೇಕರು ಭಾವಿಸಿದರು, ಆದರೆ ನೀರು ಬೆರೆಸಿದ ಜೇನು ಬೇಗ ಹುಳಿಯೇರಿ, ಹಕ್ಕಿಗೆ ಅಪಾಯ ತರುವ ಶಿಲೀಂಧ್ರಕ್ಕೆ ಆಸರೆಯಾಗುತ್ತದೆ. ಹಕ್ಕಿಯನ್ನು ಸೆಳೆಯಲು ದ್ರಾವಣವನ್ನೇ ಕೆಂಪಾಗಿಸುವುದು ರೂಢಿಯಾಯಿತು, ಆದರೆ ಸೀಸೆಯ ಮುಚ್ಚಳವೊಂದು ಕೆಂಪಾಗಿದ್ದರೆ ಸಾಕು, ಬಣ್ಣದಿಂದ ಹಕ್ಕಿಗೆ ಯಾವ ಪೋಷಣೆಯೂ ಇಲ್ಲ. ಒಂದು ಕಾಲಕ್ಕೆ ಆಹಾರಪದಾರ್ಥಗಳಲ್ಲಿ ಬಹುವಾಗಿ ಬಳಕೆಯಲ್ಲಿದ್ದ ರೆಡ್ ನಂಬರ್ 2 ಎಂಬ ಕೃತಕ ಬಣ್ಣವನ್ನು ಅಮೆರಿಕ ಸರ್ಕಾರವೇ 1976ರಲ್ಲಿ ನಿಷೇಧಿಸಿತು. ಅನುಭವ ಮತ್ತು ಅಧ್ಯಯನ ಎರಡೂ ಸೇರಿ ಇಂದು ನೆಲೆಗೊಂಡಿರುವ ಪಾಕವಿಧಾನ ಅತ್ಯಂತ ಸರಳವಾದದ್ದು: ಒಂದು ಅಳತೆ ಬಿಳಿ ಸಕ್ಕರೆಗೆ ನಾಲ್ಕು ಅಳತೆ ನೀರು. ಹಮ್ಮಿಂಗ್‌ಬರ್ಡ್‌ಗಳು ನೆಚ್ಚುವ ಹೂಗಳ ಮಕರಂದದ ಸಿಹಿಗೆ ಇದು ಸಮೀಪವಾಗಿದ್ದು, ಬಿಸಿಲಿನ ದಿನಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ಸೀಸೆಯನ್ನು ಉಜ್ಜಿ ತೊಳೆದು ಹೊಸ ದ್ರಾವಣ ತುಂಬಬೇಕೆಂಬುದು ಪಾಕದಷ್ಟೇ ಮುಖ್ಯವಾದ ನಿಯಮ.

ಈ ಸೀಸೆಗೆ ಬರುವ ಹಕ್ಕಿಯ ಪಯಣವೇ ಬಹುಕಾಲ ವಾದಕ್ಕೆ ವಸ್ತುವಾಗಿತ್ತು. ಮಾಣಿಕ್ಯ ಕಂಠದ ಹಮ್ಮಿಂಗ್‌ಬರ್ಡ್ ಮೆಕ್ಸಿಕೊ ಕೊಲ್ಲಿಯ ತೆರೆದ ನೀರಿನ ಮೇಲೆ ಸುಮಾರು 800 ಕಿಲೋಮೀಟರ್ ದೂರವನ್ನು ಎಲ್ಲೂ ತಂಗದೆ ದಾಟಬಲ್ಲದೆಂಬುದನ್ನು ನಂಬಲಾಗದೆ, ಅವು ಹೆಬ್ಬಾತುಗಳ ಬೆನ್ನೇರಿ ಹೋಗುತ್ತವೆಂಬ ಕಥೆಯನ್ನು ಜನ ಕಟ್ಟಿಕೊಂಡಿದ್ದರು. ವಿಜ್ಞಾನಿಗಳಿಗೂ ಸಂದೇಹವಿತ್ತು, 1950ರಲ್ಲಿ ಆಲಿವರ್ ಪಿಯರ್ಸನ್ ಮಾಡಿದ ಲೆಕ್ಕಾಚಾರ, ಹಕ್ಕಿಯ ಒಡಲಿನ ಇಂಧನ ಆ ದೂರಕ್ಕೆ ಸಾಲದೆಂದೇ ಸೂಚಿಸಿತು. ಪ್ರಯಾಣಕ್ಕೆ ಮುನ್ನ ಹಕ್ಕಿ ತನ್ನ ತೂಕವನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸುವಷ್ಟು ಕೊಬ್ಬನ್ನು ಶೇಖರಿಸಿಕೊಳ್ಳುತ್ತದೆ ಎಂಬುದು ತಿಳಿದ ಮೇಲೆ ಲೆಕ್ಕ ಬದಲಾಯಿತು. ರಾಬರ್ಟ್ ಲಾಸೀವ್ಸ್ಕಿ ಹಾರುತ್ತಿರುವ ಹಮ್ಮಿಂಗ್‌ಬರ್ಡ್ ಬಳಸುವ ಆಮ್ಲಜನಕವನ್ನು ಅಳೆದು, ಸುಮಾರು 2 ಗ್ರಾಂ ಕೊಬ್ಬು ಕೊಲ್ಲಿಯನ್ನು ದಾಟಲು ಸಾಕೆಂದು 1962ರಲ್ಲಿ ತೋರಿಸಿದರು. ರಾತ್ರಿಯ ಚಳಿಯಲ್ಲಿ ದೇಹದ ಉಷ್ಣತೆಯನ್ನು ತೀರಾ ಇಳಿಸಿ, ಎದೆಬಡಿತವನ್ನು ನಿಧಾನಗೊಳಿಸಿ, ಟಾರ್ಪರ್ ಎಂಬ ಜಡ ನಿದ್ರೆಗೆ ಜಾರಿ ಶಕ್ತಿಯನ್ನು ಉಳಿಸಿಕೊಳ್ಳುವ ಗುಣವೂ ಈ ಹಕ್ಕಿಗಳಿಗಿದೆ.

ವಸಂತದ ಪಯಣದಲ್ಲಿ ಗಂಡುಗಳು ಮೊದಲು ಬರುತ್ತವೆ. ಮಾರ್ಚ್ ಹೊತ್ತಿಗೆ ಕೊಲ್ಲಿಯ ದಂಡೆಯ ರಾಜ್ಯಗಳನ್ನು ಮುಟ್ಟುವ ಅವು ಮೇ ತಿಂಗಳಲ್ಲಿ ಕೆನಡಾದ ದಕ್ಷಿಣ ಭಾಗವನ್ನು ಸೇರುತ್ತವೆ. ಉತ್ತರದ ಕಾಡುಗಳಲ್ಲಿ ಆಗಿನ್ನೂ ಹೂಗಳು ಅಪರೂಪ. ಆದರೆ ಸ್ಯಾಪ್‌ಸಕರ್ ಎಂಬ ಮರಕುಟಿಗ ಬರ್ಚ್ ಮತ್ತು ಮೇಪಲ್ ಮರಗಳ ತೊಗಟೆಯಲ್ಲಿ ಸಾಲು ಸಾಲಾಗಿ ಕೊರೆದ ತೂತುಗಳಿಂದ ಸಿಹಿ ರಸ ಒಸರುತ್ತಿರುತ್ತದೆ, ಅದಕ್ಕೆ ಸಣ್ಣ ಕೀಟಗಳೂ ಮುತ್ತಿರುತ್ತವೆ. ಹಮ್ಮಿಂಗ್‌ಬರ್ಡ್ ರಸವನ್ನೂ ಕೀಟವನ್ನೂ ಅಲ್ಲಿಯೇ ಪಡೆಯುತ್ತದೆ. ಫೀಡರ್ ಬರುವುದಕ್ಕೆ ಎಷ್ಟೋ ಸಾವಿರ ವರ್ಷಗಳ ಹಿಂದಿನಿಂದಲೂ ಈ ವ್ಯವಸ್ಥೆ ನಡೆದುಬಂದಿದೆ ಎಂಬುದನ್ನು ನೆನೆದಾಗ, ಮನುಷ್ಯನ ಸೀಸೆ ಹಕ್ಕಿಯ ಬದುಕಿಗೆ ಆಧಾರವಲ್ಲ, ದಾರಿಯಲ್ಲಿ ದೊರೆಯುವ ಹೆಚ್ಚಿನ ನೆರವು ಮಾತ್ರ ಎಂಬುದು ಮನದಟ್ಟಾಗುತ್ತದೆ.

ಶರತ್ಕಾಲದ ಪಯಣದ ಅರಿವಿಗೆ ಟೆಕ್ಸಸ್ ಕರಾವಳಿಯ ರಾಕ್‌ಪೋರ್ಟ್ ಊರಿನ ಕಾನಿ ಹೇಗರ್ ಅವರ ಕೊಡುಗೆ ದೊಡ್ಡದು. 1930ರ ದಶಕದಲ್ಲಿ ಅಲ್ಲಿ ನೆಲೆಸಿದ ಅವರು ದಿನವೂ ತಪ್ಪದೆ ಹಕ್ಕಿಗಳನ್ನು ಎಣಿಸಿ ಬರೆದಿಡುತ್ತ, ಕೊಲ್ಲಿಯತ್ತ ಹೊರಟ ಹಮ್ಮಿಂಗ್‌ಬರ್ಡ್‌ಗಳು ಆ ಊರಿನಲ್ಲಿ ಭಾರಿ ಸಂಖ್ಯೆಯಲ್ಲಿ ನೆರೆಯುವುದನ್ನು ಗುರುತಿಸಿದರು. ಮೊದಮೊದಲು ನಂಬದಿದ್ದ ವೃತ್ತಿಪರ ಪಕ್ಷಿವಿಜ್ಞಾನಿಗಳು ಬಂದು ನೋಡಿ ಒಪ್ಪಿಕೊಳ್ಳಬೇಕಾಯಿತು. ಇಂದು ಅದೇ ಊರು ಪ್ರತಿ ಸೆಪ್ಟೆಂಬರ್‌ನಲ್ಲಿ ಹಮ್ಮಿಂಗ್‌ಬರ್ಡ್ ಉತ್ಸವವನ್ನು ಆಚರಿಸುತ್ತದೆ. ಸೀಸೆಯನ್ನು ತೆಗೆಯದಿದ್ದರೆ ಹಕ್ಕಿ ವಲಸೆಯನ್ನೇ ಮರೆತು ಚಳಿಗೆ ಸಿಕ್ಕಿ ಸಾಯುತ್ತದೆಂಬ ಭಯದಿಂದ, ಸೆಪ್ಟೆಂಬರ್ ಮೊದಲ ಸೋಮವಾರದ ಕಾರ್ಮಿಕ ದಿನಾಚರಣೆಯ ಹೊತ್ತಿಗೆ ಎಲ್ಲ ಫೀಡರ್‌ಗಳನ್ನೂ ಇಳಿಸಿಬಿಡುವ ರೂಢಿ ಬಹಳ ಕಾಲ ಇತ್ತು. ವಾಸ್ತವದಲ್ಲಿ ಹಕ್ಕಿಗೆ ಹೊರಡುವ ಸೂಚನೆ ಕೊಡುವುದು ಕುಗ್ಗುತ್ತಿರುವ ಹಗಲಿನ ಅವಧಿಯೇ ಹೊರತು ಸೀಸೆಯಲ್ಲ. ತಡವಾಗಿ ಹಾದುಹೋಗುವ ಹಕ್ಕಿಗೆ ತುಂಬಿದ ಸೀಸೆಯಿಂದ ಉಪಕಾರವೇ ಆಗುತ್ತದೆ.

ಈ ರೂಢಿಯನ್ನು ಮುರಿದದ್ದರಿಂದ ದೊರೆತ ಫಲ ಅನಿರೀಕ್ಷಿತವಾದದ್ದು. ಲೂಸಿಯಾನಾ ರಾಜ್ಯದ ನ್ಯಾನ್ಸಿ ನ್ಯೂಫೀಲ್ಡ್ 1970ರ ದಶಕದ ಕೊನೆಯಿಂದ, ಚಳಿಗಾಲದಲ್ಲೂ ಉಳಿಸಿಕೊಂಡ ಫೀಡರ್‌ಗಳ ಬಳಿ ಹಕ್ಕಿಗಳಿಗೆ ಉಂಗುರ ತೊಡಿಸುತ್ತ ಬಂದು, ಪಶ್ಚಿಮದ ಪರ್ವತಗಳಲ್ಲಿ ಮರಿ ಮಾಡುವ ರೂಫಸ್ ಮೊದಲಾದ ಪ್ರಭೇದಗಳು ಆಗ್ನೇಯ ರಾಜ್ಯಗಳಲ್ಲಿ ಚಳಿಗಾಲ ಕಳೆಯುವುದನ್ನು, ಕೆಲವು ಹಕ್ಕಿಗಳಂತೂ ವರ್ಷ ವರ್ಷವೂ ಅದೇ ಹಿತ್ತಿಲಿಗೆ ಮರಳುವುದನ್ನು ದಾಖಲಿಸಿದರು. ಉಂಗುರ ತೊಡಿಸುವ ಕೆಲಸ ಅಪಾರ ನಯವನ್ನು ಬೇಡುತ್ತದೆ. ಫೀಡರ್ ಇಟ್ಟ ಬಲೆಗೂಡಿನೊಳಗೆ ಹಕ್ಕಿ ಬಂದಾಗ ಬಾಗಿಲನ್ನು ಮೆಲ್ಲನೆ ಇಳಿಸಿ, ಅದನ್ನು ಕೈಗೆ ತೆಗೆದುಕೊಂಡು, ತೆಳು ಅಲ್ಯೂಮಿನಿಯಂ ಹಾಳೆಯಿಂದ ಕತ್ತರಿಸಿ ಬಾಗಿಸಿದ ಅಕ್ಷರ ಮತ್ತು ಅಂಕಿಗಳುಳ್ಳ ಬಳೆಯನ್ನು ಇಕ್ಕಳದಿಂದ ಕಾಲಿಗೆ ಸುತ್ತುತ್ತಾರೆ. ಬಳಿಕ ಹುಲ್ಲುಕೊಳವೆಯಂಥ ನಳಿಗೆಯಿಂದ ಹೊಟ್ಟೆಯ ಪುಕ್ಕಗಳ ಮೇಲೆ ಉಸಿರೂದಿ, ಚರ್ಮದಡಿ ಹಳದಿಯಾಗಿ ಕಾಣುವ ಕೊಬ್ಬನ್ನು ನೋಡಿ ಅದು ಪಯಣಕ್ಕೆ ಸಿದ್ಧವಾಗಿದೆಯೇ ಎಂದು ಅಂದಾಜಿಸುತ್ತಾರೆ. ಫ್ಲಾರಿಡಾದ ಟ್ಯಾಲಹ್ಯಾಸಿಯಲ್ಲಿ 2010ರ ಜನವರಿಯಲ್ಲಿ ಹೀಗೆ ಉಂಗುರ ತೊಟ್ಟ ರೂಫಸ್ ಹಮ್ಮಿಂಗ್‌ಬರ್ಡ್ ಒಂದು ಅದೇ ವರ್ಷದ ಜೂನ್‌ನಲ್ಲಿ ಅಲಾಸ್ಕದ ಚೆನೀಗಾ ಬೇ ಎಂಬಲ್ಲಿ, 5,600 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಮತ್ತೆ ಕೈಗೆ ಸಿಕ್ಕಿತು. ಎರಡು ತುದಿಗಳಲ್ಲೂ ಯಾರೋ ನೋಡಲು ಕಾದಿದ್ದರಿಂದಲೇ ಆ ದೂರ ಮನುಷ್ಯರಿಗೆ ತಿಳಿಯುವಂತಾಯಿತು.

ಹಿತ್ತಿಲಿನ ಆತಿಥ್ಯ ಹಕ್ಕಿಗಷ್ಟೇ ಸೀಮಿತವಾಗಿ ಉಳಿಯಲಿಲ್ಲ. ಅರಿಜೋನಾ ರಾಜ್ಯದ ಪ್ಯಾಟಗೋನಿಯಾ ಊರಿಗೆ 1970ರ ದಶಕದಲ್ಲಿ ಬಂದು ನೆಲೆಸಿದ ವಾಲಿ ಮತ್ತು ಮರಿಯನ್ ಪೇಟನ್ ದಂಪತಿ, ಬೇಲಿಯಾಚೆ ನಿಂತು ಇಣುಕುತ್ತಿದ್ದ ಪಕ್ಷಿವೀಕ್ಷಕರನ್ನು ಒಳಗೆ ಕರೆದು, ಬೆಂಚುಗಳನ್ನು ಹಾಕಿಸಿ, ತಮ್ಮ ಹಿತ್ತಿಲನ್ನು ಎಲ್ಲರಿಗೂ ತೆರೆದಿಟ್ಟರು. ಅಮೆರಿಕದಲ್ಲಿ ಬೇರೆಡೆ ದುರ್ಲಭವಾದ ನೇರಳೆ ನೆತ್ತಿಯ ಹಮ್ಮಿಂಗ್‌ಬರ್ಡ್ ಅಲ್ಲಿನ ಸೀಸೆಗಳಿಗೆ ಬರುತ್ತಿದ್ದುದರಿಂದ ದೇಶವಿದೇಶಗಳ ಜನ ಅಲ್ಲಿಗೆ ಬಂದರು. ಸಕ್ಕರೆಯ ಖರ್ಚಿಗೆಂದು ಇಟ್ಟ ‘ಶುಗರ್ ಫಂಡ್’ ಡಬ್ಬಿಗೆ ಕೈಲಾದಷ್ಟು ಹಾಕಿ ಹೋದರು. ದಂಪತಿಯ ಕಾಲಾನಂತರ ಆ ಮನೆ ಪರರ ಪಾಲಾಗದಂತೆ ಸಂಸ್ಥೆಗಳು ಮತ್ತು ಪಕ್ಷಿಪ್ರಿಯರು ಹಣ ಕೂಡಿಸಿ, 2014ರಲ್ಲಿ ಅದನ್ನು ಟೂಸಾನ್ ಆಡುಬಾನ್ ಸಂಸ್ಥೆಗೆ ಒಪ್ಪಿಸಿದರು.

ಆದರೂ ಈ ಪದ್ಧತಿಯ ಪ್ರಭಾವವನ್ನು ಬರಿಯ ಒಳಿತೆಂದು ಹೇಳಿ ಮುಗಿಸುವಂತಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ಮತ್ತು ಬಾಹಾ ಕ್ಯಾಲಿಫೋರ್ನಿಯಗಳ ಸುತ್ತಮುತ್ತ ಮರಿ ಮಾಡುತ್ತಿದ್ದ ಆನಾ ಹಮ್ಮಿಂಗ್‌ಬರ್ಡ್, ಯೂಕಲಿಪ್ಟಸ್‌ನಂಥ ಪರದೇಶದ ಹೂಮರಗಳ ಮತ್ತು ಫೀಡರ್‌ಗಳ ನೆರವಿನಿಂದ ಕೆನಡಾದ ಬ್ರಿಟಿಷ್ ಕೊಲಂಬಿಯದವರೆಗೂ ಹಬ್ಬಿ, ಹಿಮ ಬೀಳುವ ಊರುಗಳಲ್ಲೂ ಚಳಿಗಾಲ ಕಳೆಯುತ್ತಿದೆ. ಗೃಹಸ್ಥರು ಸಲ್ಲಿಸಿದ ಫೀಡರ್ ಎಣಿಕೆಗಳನ್ನು ಆಧರಿಸಿದ 2017ರ ಅಧ್ಯಯನವೊಂದು ಈ ಸಂಬಂಧವನ್ನು ಪುಷ್ಟೀಕರಿಸಿತು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ನೆಲೆಸಿದ ಕನ್ನಡಿಗರು ತಮ್ಮ ಅಂಗಳದಲ್ಲಿ ವರ್ಷವಿಡೀ ಕಾಣುವುದು ಈ ಆನಾ ಹಮ್ಮಿಂಗ್‌ಬರ್ಡನ್ನೇ. ನ್ಯೂಜೆರ್ಸಿಯ ಕನ್ನಡಿಗರಿಗಾದರೋ ಮಾಣಿಕ್ಯ ಕಂಠದ ಹಕ್ಕಿ ವಸಂತದಿಂದ ಶರತ್ಕಾಲದವರೆಗಿನ ಅತಿಥಿ. ಹವಾಮಾನ ಬದಲಾವಣೆಯ ಗುರುತೂ ಹಿತ್ತಿಲಿನ ದಾಖಲೆಗಳಲ್ಲಿ ಮೂಡಿದೆ. ವೆಲ್ಸ್ ಕುಕ್ 1880ರ ದಶಕದಲ್ಲಿ ಆರಂಭಿಸಿದ ವಲಸೆ ದಾಖಲಾತಿಯ ಹಳೆಯ ಕಾರ್ಡುಗಳನ್ನು 2001ರಿಂದ 2010ರವರೆಗಿನ ನಾಗರಿಕರ ವರದಿಗಳೊಂದಿಗೆ ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮಾಣಿಕ್ಯ ಕಂಠದ ಹಮ್ಮಿಂಗ್‌ಬರ್ಡ್ ವಸಂತದಲ್ಲಿ ಈಗ ಹಿಂದಿಗಿಂತ 11ರಿಂದ 18 ದಿನಗಳಷ್ಟು ಮುಂಚೆಯೇ ಬರುತ್ತಿದೆ. ಹೂ ಅರಳುವ ಕಾಲ ಮತ್ತು ಹಕ್ಕಿ ಬರುವ ಕಾಲಗಳ ಹೊಂದಾಣಿಕೆ ತಪ್ಪಿದರೆ, ಅದನ್ನು ಸರಿಪಡಿಸುವ ಶಕ್ತಿ ಸಕ್ಕರೆ ನೀರಿಗಿಲ್ಲ.

ಒಂದು ಶತಮಾನಕ್ಕೂ ಮಿಕ್ಕಿದ ಈ ಇತಿಹಾಸದಿಂದ ಒಂದು ಮಾತು ಖಚಿತವಾಗುತ್ತದೆ. ಟೋಪಿಯ ವ್ಯಾಪಾರವನ್ನು ನಿಲ್ಲಿಸಿದ್ದು ಕಾನೂನಾದರೂ, ಆ ಕಾನೂನಿಗೆ ಬೆಂಬಲವಾಗಿ ನಿಲ್ಲುವ ಸಮಾಜವನ್ನು ರೂಪಿಸಿದ್ದರಲ್ಲಿ ಜೀವಂತ ಹಕ್ಕಿಯನ್ನು ಕಿಟಕಿಯ ಹತ್ತಿರಕ್ಕೆ ತಂದ ಈ ಸೀಸೆಗೂ ಪಾಲಿದೆ. ಸೌಲ್, ಶರ್ಮನ್, ಹೇಗರ್, ನ್ಯೂಫೀಲ್ಡ್ ಅವರಂಥವರು ಹಕ್ಕಿಗೆ ಕೊಟ್ಟದ್ದಕ್ಕಿಂತ ಹೆಚ್ಚನ್ನು ಅದನ್ನು ನೋಡಿ ತಿಳಿದು ಲೋಕಕ್ಕೆ ಕೊಟ್ಟರು. ಆದ್ದರಿಂದ ಫೀಡರ್ ತೂಗುಹಾಕುವವರ ಹೊಣೆಯೂ ಅವರು ಹಾಕಿಕೊಟ್ಟ ಹಾದಿಯಲ್ಲೇ ಇದೆ: ಸೀಸೆಯನ್ನು ಶುಚಿಯಾಗಿಡುವುದು, ಕೀಟಗಳನ್ನು ಕೊಲ್ಲುವ ವಿಷವನ್ನು ಹಿತ್ತಿಲಿನಿಂದ ದೂರವಿಡುವುದು, ಆ ನೆಲದ ಹೂಬಳ್ಳಿಗಳನ್ನು ಬೆಳೆಸುವುದು, ಮತ್ತು ಹಕ್ಕಿ ಬಂದ ದಿನವನ್ನು ಬರೆದಿಡುವುದು. ಈ ನಾಲ್ಕರಲ್ಲಿ ಕೊನೆಯದಕ್ಕೆ ಖರ್ಚೇ ಇಲ್ಲ, ಆದರೆ ಈ ಹಕ್ಕಿಯ ಬಗ್ಗೆ ಇಂದು ತಿಳಿದಿರುವ ಎಷ್ಟೋ ವಿಷಯಗಳು ಹೊರಬಂದದ್ದು ಅಂಥ ಬರವಣಿಗೆಯಿಂದಲೇ.